ಉಡುಗೊರೆ ಅಂತ ಕಳ್ಸಿದ ಅಕಾರ್ಡಿಯನ್

ತಪ್ಪು ನಂದು. ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಧೈರ್ಯ ಬರಲ್ಲ.

ನಮ್ಮ ದೊಡ್ಡಪ್ಪ ಅಕಾರ್ಡಿಯನ್ ಮೇಷ್ಟ್ರು. ಎದೆಗೆ ತಗಲಿಹಾಕ್ಕೊಂಡು, ಮಧ್ಯದ ಮಡಿಕೆಗಳನ್ನ ಎಳೆದು ಒತ್ತಿ ನುಡಿಸೋ ಆ ಪೆಟ್ಟಿಗೆ ಇಪ್ಪತ್ತೇಳು ವರ್ಷದಿಂದ ಅವರ ಜೊತೆಗಿತ್ತು. ದೊಡ್ಡಮ್ಮ ಅದನ್ನ 'ನನ್ ಸವತಿ' ಅಂತಿದ್ರು. ಹೋದ ವರ್ಷ ಸವತಿಗೆ ಉಬ್ಬಸ ಶುರುವಾಯ್ತು. ಎಳೆದ್ರೆ ಸ್ವರಕ್ಕಿಂತ ಗಾಳಿನೇ ಜಾಸ್ತಿ. ಇಲ್ಲಿ ಯಾರಿಗೂ ರಿಪೇರಿ ಬರಲ್ಲ. ಅದು ತಯಾರಾದ ಊರಲ್ಲೇ, ಹೊರದೇಶದಲ್ಲಿ, ಒಬ್ಬ ಮುದುಕ ರಿಪೇರಿ ಮಾಡ್ತಾನೆ ಅಂತ ಹುಡುಕಿದ್ದು ನಾನು. ಪಾರ್ಸೆಲ್ ಫಾರ್ಮ್ ತುಂಬಿದ್ದೂ ನಾನೇ. ಕಾಲೇಜ್ ಕ್ಯಾಂಟೀನಲ್ಲಿ ಕೂತು, ಫೋನಲ್ಲಿ, ಫ್ರೆಂಡ್ಸ್ ಜೊತೆ ಕಿಸಿಕಿಸಿ ನಗ್ತಾ.

'ಕಳಿಸುವ ಕಾರಣ' ಅಂತ ಒಂದು ಕಡೆ ಕೇಳ್ತು. 'ರಿಪೇರಿ' ಒತ್ತಿದೆ. ಇನ್ನೂ ಮೂರು ಪುಟ ತೆರ್ಕೊಳ್ತು. ಸೀರಿಯಲ್ ನಂಬರ್ ಅಂತೆ, ನಾಲ್ಕು ಕಡೆಯಿಂದ ಫೋಟೋ ಅಂತೆ, ಕಸ್ಟಮ್ಸ್ ಆಫೀಸಿಗೆ ಹೋಗಿ ಸೀಲು ಹಾಕಿಸ್ಬೇಕಂತೆ. ಯಾರಪ್ಪಾ ಮಾಡ್ತಾರೆ ಇದೆಲ್ಲ! ಹಿಂದೆ ಹೋಗಿ 'ಉಡುಗೊರೆ' ಒತ್ತಿದೆ. ಒಂದೇ ಪುಟ, ಎರಡೇ ನಿಮಿಷ. 'ನೋಡಿದ್ರಾ ನನ್ ಸ್ಪೀಡು' ಅಂತ ದೊಡ್ಡಪ್ಪಂಗೆ ಮೆಸೇಜ್ ಬೇರೆ ಹಾಕಿದೆ.

ಐದು ತಿಂಗಳು ಪೆಟ್ಟಿಗೆ ಇಲ್ಲ. ದೊಡ್ಡಪ್ಪ ಊಟದ ಮೇಜಿನ ಮೇಲೆ ಬೆರಳಾಡಿಸಿ, ಬಾಯಲ್ಲಿ ಸ್ವರ ಹೇಳಿ ಪಾಠ ಮಾಡೋರು. ಹನ್ನೊಂದು ಮಕ್ಕಳಿದ್ದಿದ್ದು ನಾಲ್ಕಾದ್ರು. ಕೊನೆಗೆ ಪಾರ್ಸೆಲ್ ಬಂತು. ಮನೆಗಲ್ಲ, ಕಸ್ಟಮ್ಸಿಗೆ. ನಮಗೆ ಬಂದಿದ್ದು ನೋಟಿಸು. ಹದಿನೈದು ದಿನದಲ್ಲಿ ಸುಂಕ ಕಟ್ಟಿ ಬಿಡಿಸ್ಕೊಳ್ಳಿ, ಇಲ್ಲಾಂದ್ರೆ ಹರಾಜು ಅಂತ. ಮೊತ್ತ ನೋಡಿ ದೊಡ್ಡಪ್ಪ ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ನೋಡಿದ್ರು.

ಹದಿನಾಲ್ಕನೇ ದಿನ ಇಬ್ರೂ ಹೋದ್ವಿ. ಕೌಂಟರ್ ಹಿಂದೆ ಕನ್ನಡಕಕ್ಕೆ ದಾರ ಕಟ್ಕೊಂಡಿದ್ದ ಮೇಡಂ ಒಬ್ರು.

"ಬೆಲೆ ಮೇಲೆ ಆಮದು ಸುಂಕ, ಯಜಮಾನ್ರೇ. ಆಮೇಲೆ ಬೆಲೆ, ಸುಂಕ, ಪಾರ್ಸೆಲ್ ಖರ್ಚು ಮೂರೂ ಕೂಡಿಸಿ ಅದ್ರ ಮೇಲೆ ಮಾರಾಟ ತೆರಿಗೆ."

"ಸುಂಕದ ಮೇಲೂ ತೆರಿಗೆನಾ? ಇಲ್ಲಿ ಬೆಂಚಿನ ಮೇಲೆ ಕೂತಿದ್ದಕ್ಕೆ ಹಾಕಿಲ್ವಲ್ಲ, ಪುಣ್ಯ."

ಮೇಡಂ ತುಟಿಯಂಚಲ್ಲಿ ನಕ್ರು.

"ಆದ್ರೆ ಮೇಡಂ, ಇದು ನಾನು ಕೊಂಡಿದ್ದಲ್ಲ. ನಂದೇ ಪೆಟ್ಟಿಗೆ. ರಿಪೇರಿಗೆ ಹೋಗಿತ್ತು."

ಡಬ್ಬ ಬಿಚ್ಚಿದ್ರು. ನಮಗೇ ಗುರುತು ಸಿಗ್ಲಿಲ್ಲ. ಆ ಮುದುಕ ಪ್ರೀತಿಯಿಂದ ಮಡಿಕೆ, ಪಟ್ಟಿ, ಬಣ್ಣ ಎಲ್ಲಾ ಹೊಸದು ಮಾಡಿದ್ದ. ದಾರೀಲಿ ಕಳೆದ್ರೆ ವಿಮೆ ಸಿಗ್ಲಿ ಅಂತ ಹೊಸದರ ಬೆಲೆಯನ್ನೇ ಬರೆದಿದ್ದ.

"ಇದು ಇಪ್ಪತ್ತೇಳು ವರ್ಷದ್ದಾ?" ಮೇಡಂ ಹುಬ್ಬೇರಿಸಿದ್ರು.

ಡಬ್ಬದ ಮೂಲೇಲಿ ಒಂದು ಕಾಗದದ ಚೀಲ ಇತ್ತು. ಕಿತ್ತು ಹಾಕಿದ, ಬೆರಳಲ್ಲಿ ಒತ್ತೋ ಹಳೇ ಬಿಳಿ ಕೀಗಳು. ದೊಡ್ಡಪ್ಪ ಒಂದನ್ನ ಎತ್ತಿ ತೋರಿಸಿದ್ರು. ತುದೀಲಿ ಕಂದು ಕಲೆ. "ಸಿಗರೇಟ್ ತಾಗಿ ಸುಟ್ಟಿದ್ದು. ಅವತ್ತೇ ಸೇದೋದು ಬಿಟ್ಟೆ. ಹೆಂಡ್ತಿ ಹೇಳಿದ್ರೆ ಬಿಟ್ಟಿರ್ಲಿಲ್ಲ."

ನಾನು ಫೋನ್ ತೆಗೆದು ನನ್ನ ಹತ್ತನೇ ಬರ್ತ್‌ಡೇ ಫೋಟೋ ಹುಡುಕಿ ದೊಡ್ಡದು ಮಾಡಿ ಹಿಡಿದೆ. ದೊಡ್ಡಪ್ಪನ ಎದೆ ಮೇಲೆ ಪೆಟ್ಟಿಗೆ, ಅದೇ ಕೀ, ಅದೇ ಕಲೆ! ಕುಣಿಯೋದೊಂದು ಬಾಕಿ ನಂದು.

"ಸರಿ, ನಿಮ್ದೇ," ಅಂದ್ರು ಮೇಡಂ. "ರಿಪೇರಿ ಆಗಿದ್ರೆ ರಿಪೇರಿ ಖರ್ಚಿನ ಮೇಲಷ್ಟೇ ತೆರಿಗೆ. ಹೆಚ್ಚೇನಲ್ಲ. ಕಳ್ಸಿದಾಗಿನ ಫಾರ್ಮ್ ನೋಡ್ತೀನಿ."

ಕಂಪ್ಯೂಟರ್ ನೋಡ್ತಾ ನೋಡ್ತಾ ಅವರ ಮುಖ ಸಪ್ಪಗಾಯ್ತು.

"ಉಡುಗೊರೆ ಅಂತ ಬರ್ದಿದೆಯಲ್ರೀ. ಕೊಟ್ಬಿಟ್ಟ ಮೇಲೆ ಅದು ನಿಮ್ದಲ್ಲ. ಈಗ ಬಂದಿರೋದು ಹೊಸ ಖರೀದಿ, ಪೂರ್ತಿ ಸುಂಕ. ಇಲ್ಲ, ರಿಪೇರಿಗೇ ಹೋಗಿದ್ದು ಅಂದ್ರೆ ಈ ಫಾರ್ಮ್ ಸುಳ್ಳು. ಸುಳ್ಳು ಬರ್ದವ್ರ ಮೇಲೆ ಕೇಸ್ ಹಾಕ್ಬೇಕು. ಅಕೌಂಟ್ ಯಾರೋ ಸ್ಟೂಡೆಂಟ್ ಹೆಸ್ರಲ್ಲಿದೆ. ಯಾರಿದು?"

ನಾನೇ ಅನ್ನೋಕೆ ಬಾಯಿ ತೆಗೆದೆ. ದೊಡ್ಡಪ್ಪ ಕೌಂಟರ್ ಕೆಳಗೆ ನನ್ ಕಾಲು ತುಳಿದ್ರು. ಜೋರಾಗೇ.

"ಮೇಡಂ, ವಯಸ್ಸಾಯ್ತು ನೋಡಿ, ತಲೆ ಓಡಲ್ಲ. ನನ್ನ ಹಳೇದನ್ನ ಆ ಮುದುಕನಿಗೆ ಕೊಟ್ಬಿಟ್ಟಿದ್ದು ನಿಜ. ಇದು ಹೊಸದು."

"ಮತ್ತೆ ಈ ಕೀ?"

ದೊಡ್ಡಪ್ಪ ಕೀ ವಾಪಸ್ ಚೀಲಕ್ಕೆ ಹಾಕಿದ್ರು. "ಯಾವ್ದೋ ಬೇರೆ ಪೆಟ್ಟಿಗೇದಿರ್ಬೇಕು."

ಮೇಡಂ ದೊಡ್ಡಪ್ಪನ ಮುಖ ನೋಡಿದ್ರು, ಆಮೇಲೆ ನಂದು. "ಫೋನ್ ಒಳಗಿಡಮ್ಮ," ಅಂದ್ರು ಮೆಲ್ಲಗೆ. ದೊಡ್ಡಪ್ಪನ ಕಡೆ ತಿರುಗಿ, "ಸುಂಕ ಕಟ್ತೀರಾ?"

"ಆಗಲ್ಲ."

"ಬಿಟ್ಟುಕೊಡ್ತೀನಿ ಅಂತ ಇಲ್ಲಿ ಸಹಿ ಹಾಕಿ."

ಹಾಕಿದ್ರು. ಪೆನ್ನಿಗೆ ಕ್ಯಾಪ್ ಕೂಡ ಹಾಕಿ ಕೊಟ್ರು. ಕೀಗಳ ಚೀಲವೂ ಡಬ್ಬದೊಳಗೆ ಹೋಯ್ತು. ನಂದಲ್ಲ ಅಂದ್ಮೇಲೆ ಕೇಳೋದು ಹೇಗೆ?

"ಒಂದ್ ಮಾತು ಮೇಡಂ. ಮಲಗಿಸಿಡಬೇಡಿ, ನಿಲ್ಲಿಸಿಡಿ. ಮಲಗಿಸಿದ್ರೆ ಒಳಗಿನ ಚರ್ಮದ ಪಟ್ಟಿ ಜೋತುಬೀಳುತ್ತೆ. ತಗೊಳ್ಳೋರಿಗೆ ಕಷ್ಟ."

ಮೇಡಂ 'ನಿಲ್ಲಿಸಿ ಇಡಿ' ಅಂತ ಚೀಟಿ ಬರೆದು ಡಬ್ಬಕ್ಕೆ ಅಂಟಿಸಿದ್ರು.

ಮೆಟ್ಟಿಲಲ್ಲಿ ನಾನು ಗೊಳೋ ಅಂದೆ. "ನಾನೇ ಹೇಳ್ತಿದ್ನಲ್ಲ ದೊಡ್ಡಪ್ಪ! ಕೇಸ್ ಹಾಕ್ಕೊಳ್ಳಿ ಅಂತಿದ್ದೆ!"

"ಓದೋ ಮಗು ಮೇಲೆ ಕೇಸಾ? ಬಾಯ್ಮುಚ್ಕೊಂಡು ನಡಿ, ಸ್ಪೀಡ್ ರಾಣಿ. ಬಸ್ ಹೋಗುತ್ತೆ."

ಬಸ್ಸಲ್ಲಿ ಅವರ ಕೈ ತೊಡೆ ಮೇಲಿತ್ತು. ಒಂದು ಬೆರಳೂ ಅಲ್ಲಾಡ್ಲಿಲ್ಲ.

ಮನೇಲಿ ದೊಡ್ಡಮ್ಮ ಮೂಲೆ ಸ್ಟೂಲನ್ನ ಒರೆಸಿ, ಮೇಲೆ ಒಗೆದ ಬಟ್ಟೆ ಹಾಸಿಟ್ಟಿದ್ರು. "ಎಲ್ರೀ ನನ್ ಸವತಿ?"

"ಕೊಟ್ಬಿಟ್ಟೆ ಕಣೆ."

"ಯಾರಿಗ್ರೀ?"

ದೊಡ್ಡಪ್ಪ ಚಪ್ಪಲಿ ಬಿಡ್ತಿದ್ರು. ನನ್ ಕಡೆ ತಿರುಗಿ ಕೂಡ ನೋಡ್ಲಿಲ್ಲ.