ಹೋದಳು ಎಂದರೆ

ಗ್ರೀಸ್‌ನ ಥೆಸಲೊನೀಕಿಯಲ್ಲಿ ಬಸ್ ಓಡಿಸುವ ಥೆಮಿಸ್‌ನ ಹೆಂಡತಿ ಲಾಮಾರಾ ಮಾರ್ಚ್‌ನಲ್ಲಿ ತೀರಿಕೊಂಡಳು. ಅವಳು ಜಾರ್ಜಿಯಾದವಳು. ಮಗಳು ಮಿರ್ತೊ ಹುಟ್ಟಿದಂದಿನಿಂದ ಅವಳೊಂದಿಗೆ ತನ್ನ ಭಾಷೆಯನ್ನೇ ಆಡಿದ್ದಳು. ಥೆಮಿಸ್‌ಗೆ ಆ ಭಾಷೆಯ ಹತ್ತು ಮಾತೂ ಬಾರದು. ತಾಯಿ ಇಲ್ಲವಾದ ಮೇಲೆ ಐದು ವರ್ಷದ ಮಗು ಮಾತನ್ನೇ ಕಡಿಮೆ ಮಾಡಿತು. ಅವನ ಡ್ಯೂಟಿ ಬೆಳಗಿನ ಐದಕ್ಕೆ. ಮನೆಯಲ್ಲೇ ಇದ್ದು ಮಗುವನ್ನು ನೋಡಿಕೊಳ್ಳುವ ಹುಡುಗಿ ಬೇಕಿತ್ತು.

"ಲೋ, ನಮ್ಮ ಭಾಷೆ ಬರೋಳನ್ನ ಇಟ್ಕೋ," ಎಂದಳು ಅಕ್ಕ ಇವಾಂಥಿಯಾ. "ಉಪ್ಪು ಬೇಕಂದ್ರೂ ಕೈಸನ್ನೆ ಮಾಡ್ಕೊಂಡು ಕೂತಿರ್ತೀಯಾ?"

"ನಂಗರ್ಥ ಆಗೋದು ಬೇಡ ಅಕ್ಕಾ. ಮಗೂಗರ್ಥ ಆದ್ರೆ ಸಾಕು."

ಜಾರ್ಜಿಯಾದ ಕುತೈಸಿಯಿಂದ ಕೆಲಸ ಕೇಳಿ ಬಂದ ನೆಸ್ತಾನ್‌ಗೆ ಇಪ್ಪತ್ತು ವರ್ಷ. ಆಗಷ್ಟೇ ಗ್ರೀಕ್ ಕಲಿಯುತ್ತಿದ್ದಳು. ಫೋನಿನ ಪರದೆಯಲ್ಲಿ ಒಂದೊಂದೇ ಪದ ಹುಡುಕಿ, "ಮಗು ಅಮ್ಮ?" ಎಂದಳು.

ಥೆಮಿಸ್ ಕಿಟಕಿಯತ್ತ ತಿರುಗಿದ. "ಹೋದಳು. ಮಾರ್ಚ್‌ನಲ್ಲಿ."

"ಹೋದರು. ಗೊತ್ತಾಯ್ತು," ಎಂದು ಅವಳು ತಲೆಯಾಡಿಸಿದಳು.

ಮಿರ್ತೊಗೂ ಅವನು ಹೇಳಿದ್ದು ಅಷ್ಟೇ. ಮಣ್ಣು ಮಾಡುವ ದಿನ ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದ.

ನೆಸ್ತಾನ್ ಬಂದ ವಾರದೊಳಗೆ ಮನೆ ತುಂಬ ಮಾತು. ಇಬ್ಬರೂ ಹಿಟ್ಟು ನಾದಿ ಚೀಸ್ ರೊಟ್ಟಿ ಸುಡುತ್ತ ಕಿಲಕಿಲ ನಗುತ್ತಿದ್ದರು. ಒಂದಕ್ಷರ ತಿಳಿಯದಿದ್ದರೂ ಥೆಮಿಸ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ನವೆಂಬರ್‌ನ ಒಂದು ಮಧ್ಯಾಹ್ನ ಮಿರ್ತೊ ಹೊಸ ಫ್ರಾಕ್ ತೊಟ್ಟು, ಜಡೆ ಹಾಕಿಸಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು.

"ಏನು ವಿಶೇಷ?" ಎಂದ ಡ್ಯೂಟಿ ಮುಗಿಸಿ ಬಂದ ಥೆಮಿಸ್.

"ಚಳಿ ಬಂತಲ್ಲ, ಅಮ್ಮ ಬರ್ತಾರೆ," ಎಂದಳು ನೆಸ್ತಾನ್ ಸಂಭ್ರಮದಿಂದ. "ನನ್ನ ಅಮ್ಮ ಕೂಡ ಹೋದ್ರು, ಇಟಲಿ, ಕೆಲಸ. ಚಳಿ ಬಂದ್ರೆ ಬರ್ತಿದ್ರು. ಮಗೂಗೆ ಹೇಳಿದೆ."

ಥೆಮಿಸ್ ಎಂಟು ತಿಂಗಳಲ್ಲಿ ಒಮ್ಮೆಯೂ ಆಡದ ಪದವನ್ನು ಆಡಿದ. "ನೆಸ್ತಾನ್, ಅವಳು ಸತ್ತಳು."

ಆ ಪದ ಅವಳಿಗೆ ಗೊತ್ತಿತ್ತು. ಮುಖದ ಬಣ್ಣವೇ ಹೋಯಿತು. "ನೀವು... ಹೋದಳು ಅಂದ್ರಿ."

ಮಿರ್ತೊ ಎದ್ದು ನಿಂತಳು. "ಅಪ್ಪ ಸುಳ್ಳು ಹೇಳ್ತಾನೆ," ಎಂದು, ನೆಸ್ತಾನ್‌ಳ ಲಂಗ ಜಗ್ಗಿ ತಾಯಿಯ ಭಾಷೆಯಲ್ಲಿ ಏನೋ ಕೇಳಿದಳು. ನೆಸ್ತಾನ್ ಮಂಡಿಯೂರಿ ಕುಳಿತು ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಮಗು ಅಳಲಿಲ್ಲ. ಒಳಗೆ ಹೋಗಿ ಜಡೆ ಬಿಚ್ಚಿಕೊಂಡಿತು.

ಅಂದಿನಿಂದ ನೆಸ್ತಾನ್ ಏನು ಕೇಳಿದರೂ ಮಿರ್ತೊ, "ನಂಗೆ ಆ ಭಾಷೆ ಬರಲ್ಲ," ಎಂದು ಗ್ರೀಕ್‌ನಲ್ಲೇ ಅನ್ನುತ್ತಿದ್ದಳು. ಹಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮೂರು ವಾರ ನೋಡಿ ನೆಸ್ತಾನ್ ಊರಿಗೆ ಹೊರಟಳು. "ತಪ್ಪು ನಿಂದಲ್ಲಮ್ಮ, ನಂದು," ಎಂದು ಥೆಮಿಸ್ ಬಸ್ ನಿಲ್ದಾಣದಲ್ಲಿ ಎರಡೆರಡು ಸಲ ಹೇಳಿದ. ಅವಳಿಗೆಷ್ಟು ತಿಳಿಯಿತೋ. ಅಳುತ್ತಲೇ ಬಸ್ ಹತ್ತಿದಳು. ಮಗುವನ್ನು ನೋಡಿಕೊಳ್ಳಲು ಇವಾಂಥಿಯಾ ಬಂದು ಮನೆಯಲ್ಲಿ ಉಳಿದಳು.

ಜನವರಿಯಲ್ಲಿ ಮಿರ್ತೊ ತಾನಾಗಿಯೇ, "ಅಮ್ಮನ್ನ ಎಲ್ಲಿಟ್ಟಿದೀಯ, ತೋರ್ಸು," ಎಂದಳು. ಥೆಮಿಸ್ ಕರೆದುಕೊಂಡು ಹೋದ. ಅವಳು ಸಮಾಧಿಯ ಕಲ್ಲಿಗೆ ಕೆನ್ನೆಯಿಟ್ಟು ತಾಯಿಯ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ನಡುನಡುವೆ ಏನನ್ನೋ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ಥೆಮಿಸ್ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಒಂದು ಮಾತೂ ತಿಳಿಯಲಿಲ್ಲ.