ಇನ್ನೊಂದು ಸುತ್ತು

ಕಾವಲುಗಾರ ಆಸ್ಪತ್ರೆಯ ಗೇಟಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದಾಗ ಅವಳು ಅವನ ಕೈಯನ್ನೇ ಹಿಡಿದುಕೊಂಡಳು. ತನ್ನ ಬೆರಳಿನ ಮಸಿ ಅವನ ಅಂಗಿಯ ತೋಳಿಗೆ ಮೆತ್ತಿದ್ದು ಕಂಡು ತಟ್ಟನೆ ಬಿಟ್ಟಳು.

"ಏನಮ್ಮಾ ಇದು, ಇವತ್ತಷ್ಟೇ ಒಗೆದು ಹಾಕ್ಕೊಂಡಿದ್ದೆ," ಎಂದು ಅವನು ತೋಳು ಕೊಡವಿದ. "ಐದು ಗಂಟೆಗೆ ಬೀಗ. ನಿಮಗೊಬ್ಬರಿಗೆ ತೆಗೆದ್ರೆ ನಾಳೆ ನನ್ನನ್ನೇ ಹೊರಗೆ ನಿಲ್ಲಿಸ್ತಾರೆ."

"ಸೈಕಲ್ ಚೈನು ಸಿಕ್ಕಾಕ್ಕೊಂಡ್ತಪ್ಪ. ಎರಡು ತಿಂಗಳಲ್ಲಿ ಒಂದು ದಿನ ತಡ ಮಾಡಿದ್ದೀನಾ, ನೀನೇ ಹೇಳು. ಹತ್ತೇ ನಿಮಿಷ. ಅವರಿಗೆ ನಾಲ್ಕು ಚಮಚ ತಿನ್ನಿಸಿ ಓಡಿ ಬರ್ತೀನಿ."

"ನಾಲ್ಕಕ್ಕೇ ಬಂದಿದ್ರೆ ಒಂದು ಗಂಟೆ ಆರಾಮಾಗಿ ಕೂತಿರಬಹುದಿತ್ತಲ್ಲ."

ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗಲೇ ಅವಳು ಇದೇ ಗೇಟಿನ ಮುಂದೆ ಬಂದಿಳಿದಿದ್ದಳು. ಸುಮ್ಮನೆ ನಿಲ್ಲಲಾರದೆ, ಇನ್ನೊಂದು ಸುತ್ತು ಹೊಡೆಯೋಣವೆಂದು ಆಸ್ಪತ್ರೆಯ ಗೋಡೆಯ ಪಕ್ಕದ ದಿಬ್ಬಕ್ಕೆ ಸೈಕಲ್ ತಳ್ಳಿಕೊಂಡು ಹೋದಳು. ಮೇಲಿಂದ ಪೆಡಲ್ ತುಳಿಯದೆ ಜಾರಿ ಬಂದಳು. ಹೊಟ್ಟೆಯೊಳಗೆ ಕಚಗುಳಿ ಇಟ್ಟಂತಾಯಿತು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಮೂರನೆಯ ಸಲ ದಿಬ್ಬದ ತಲೆಯಲ್ಲಿ ತಿರುಗಲೇ ಇಲ್ಲ. ಎಂದೂ ಹೋಗಿರದ ಕಾಲುವೆ ದಾರಿ ನೆಟ್ಟಗೆ ಬಿದ್ದಿತ್ತು, ಬೆನ್ನ ಹಿಂದೆ ಗಾಳಿಯಿತ್ತು, ಹೋಗಿಯೇ ಬಿಟ್ಟಳು. ಎರಡು ಮೈಲಿ ದಾಟಿದ ಮೇಲೆ ಚೈನು ಕಳಚಿ ಒಳಗೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಅಲುಗಲಿಲ್ಲ. ಕಡ್ಡಿ ಹಾಕಿ ಮೀಟುತ್ತಾ, ಬಯ್ಯುತ್ತಾ, ಕೊನೆಗೆ ಅಳುತ್ತಾ ಮುಕ್ಕಾಲು ಗಂಟೆ ಕಳೆದಳು. ಅರವತ್ತೊಂದು ವರ್ಷದವಳಿಗೆ ಈ ಚಪಲ ಬೇಕಿತ್ತೇ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಅವಳೇ ಕೇಳಿಕೊಂಡಿದ್ದಳು.

ಒಳಗೆ ಮಲಗಿರುವ ಗಂಡ ಮೂವತ್ತೆಂಟು ವರ್ಷ ಸೈಕಲ್ ಶಾಪು ನಡೆಸಿದವನು. ಊರಿನ ಅರ್ಧಕ್ಕರ್ಧ ಮಕ್ಕಳಿಗೆ ಹಿಂದಿನಿಂದ ಸೀಟು ಹಿಡಿದು ಓಡಿ ಕಲಿಸಿದವನು. ಹೆಂಡತಿ ಕೇಳಿದಾಗ ಮಾತ್ರ, "ನಿನಗ್ಯಾಕೆ ಇದೆಲ್ಲ? ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರ್ಯಾರು?" ಎಂದಿದ್ದ. ಕೊನೆಗೆ ಬಿದ್ದವನು ಅವನೇ. ಶಾಪಿನಲ್ಲೇ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದಿದ್ದಾಗಲೇ, ಬಲಭಾಗವೂ ಮಾತೂ ಒಟ್ಟಿಗೆ ಹೋದವು.

ಆಸ್ಪತ್ರೆಗೆ ಬರುತ್ತಿದ್ದ ಒಂದೇ ಬಸ್ಸೂ ನಿಂತಾಗ ಪಕ್ಕದ ಮನೆಯ ಅಂಚೆಯಕ್ಕ, ಅಂದರೆ ರಿಟೈರಾದ ಪೋಸ್ಟ್‌ವುಮನ್ನು, ಶಾಪಿನಲ್ಲಿ ಮಾರಾಟವಾಗದೆ ಉಳಿದಿದ್ದ ನೀಲಿ ಸೈಕಲ್ಲನ್ನು ಹೊರಗೆಳೆದು, "ಹತ್ತು, ನಾ ಹಿಡ್ಕೋತೀನಿ," ಎಂದಳು. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಇವರನ್ನು ನೋಡಿ ಇನ್ನೂ ಇಬ್ಬರು ಬಂದು ಸೇರಿದರು. ಒಬ್ಬಳು ದರ್ಜಿ, ಇನ್ನೊಬ್ಬಳು ಮನೆಗೇ ಬಂದು ಕೂತಿದ್ದ ಬೀಗಿತ್ತಿಯ ಕಾಟ ತಪ್ಪಿಸಿಕೊಳ್ಳಲು ಬರುವ ದಪ್ಪಕ್ಕ. ದಪ್ಪಕ್ಕ ಬಿದ್ದಾಗಲೆಲ್ಲ ಎದ್ದೇಳುವ ಬದಲು ಮಲಗಿಯೇ ನಗುತ್ತಿದ್ದಳು. ಅವಳನ್ನು ಎಬ್ಬಿಸಹೋಗಿ ಉಳಿದವರೂ ನಗುತ್ತಾ ಕೂರುತ್ತಿದ್ದರು. ಗಂಡ ಹಾಸಿಗೆ ಹಿಡಿದಿರುವಾಗ ಇಷ್ಟು ನಗಬಹುದೇ ಎಂದು ಅವಳಿಗೆ ಹೆದರಿಕೆಯಾಗುತ್ತಿತ್ತು. ಅದಕ್ಕೇ ಅವನಿಗೆ ಸೈಕಲ್ಲಿನ ಸುದ್ದಿ ಹೇಳಿರಲಿಲ್ಲ. ದಿನವೂ ನಲ್ಲಿಯಲ್ಲಿ ಕೈಯ ಮಸಿ ತೊಳೆದುಕೊಂಡೇ ವಾರ್ಡಿಗೆ ಹೋಗುತ್ತಿದ್ದಳು. ಅವನೂ ಗೋಡೆ ನೋಡುತ್ತಾ ಮಲಗಿರುತ್ತಿದ್ದ. ಅವಳು ಕೊಟ್ಟರೆ ನಾಲ್ಕು ಚಮಚ ನುಂಗುತ್ತಿದ್ದ, ಬೇರೆಯವರು ಕೊಟ್ಟರೆ ತುಟಿ ಬಿಗಿಯುತ್ತಿದ್ದ.

ನಿನ್ನೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. "ನಾಳೆ ಸಂಜೆ ಅರ್ಧ ಬಟ್ಟಲು ಗಂಜಿಯಾದ್ರೂ ಬಾಯಿಂದ ಹೋಗಬೇಕಮ್ಮ. ಇಲ್ಲಾಂದ್ರೆ ನಾಡಿದ್ದು ಮೂಗಿಗೆ ನಳಿಗೆ ಹಾಕಿಬಿಡ್ತೀವಿ." ಪಕ್ಕದ ಹಾಸಿಗೆಯವನಿಗೆ ನಳಿಗೆ ಹಾಕಿದ್ದರು. ಅವನು ಕಿತ್ತುಹಾಕುತ್ತಾನೆಂದು ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದ್ದರು. ತನ್ನ ಗಂಡನಿಗೆ ಉಳಿದಿರುವುದು ಒಂದೇ ಕೈ, ಎಡಗೈ. ಅದನ್ನೂ ಕಟ್ಟಿಬಿಡುತ್ತಾರೆ. ಹಾಗಿದ್ದೂ ಇವತ್ತೇ ಕಾಲುವೆ ದಾರಿಗೆ ಹೋಗಿದ್ದಳು.

"ಶಾಪಿನಮ್ಮಾ!"

ಮೊದಲ ಮಹಡಿಯ ಮೂರನೆಯ ಕಿಟಕಿಯಿಂದ ಆಯಾ ಕೂಗುತ್ತಿದ್ದಳು. ಅವಳು ಸೈಕಲ್ ದೂಡಿಕೊಂಡು ಗೋಡೆಯ ಬದಿಗೆ ಓಡಿದಳು.

"ಏನಾದ್ರೂ ತಿಂದ್ರಾ?"

"ಎಲ್ಲಿ ತಿಂತಾರೆ! ನಾನು ಕೊಟ್ಟಿದ್ದೆಲ್ಲ ಉಗಿದ್ರು. ಅಲ್ಲಾ, ನೀವು ಎರಡು ಸಲ ಜಾರಿಕೊಂಡು ಬಂದು ಆಮೇಲೆ ಆ ಕಡೆ ಹೊರಟೇ ಹೋದ್ರಲ್ಲ, ಎಲ್ಲಿಗ್ಹೋದ್ರಿ? ಆಗಿನಿಂದ ರಸ್ತೆ ನೋಡ್ತಾನೇ ಇದ್ದಾರೆ."

"ಅವರು ನೋಡಿದ್ರಾ?"

"ದಿನಾ ನೋಡ್ತಾರಲ್ಲ! ಮೂರೂವರೆ ಆದ್ರೆ ಕಿಟಕಿ ಕಡೆ ಕೂರಿಸು ಅಂತ ಕೈ ತೋರಿಸ್ತಾರೆ. ನೀವು ಗೇಟು ದಾಟಿದ್ಮೇಲೆ ಮಲಗಿಸು ಅಂತಾರೆ. ನಿಮಗೆ ಹೇಳಿಲ್ವಾ ನಾನು?"

ಅವಳು ಗೋಡೆಗೆ ಕೈಯೂರಿ ನಿಂತಳು. ಎರಡು ತಿಂಗಳು ತೊಳೆದ ಕೈ ಅದು.

"ನನ್ನ ನೋಡಿದಾಗ ಏನ್ಮಾಡ್ತಾರೆ? ಬೇಜಾರು ಮಾಡ್ಕೋತಾರಾ?"

"ಒಂಥರಾ ಶಬ್ದ ಮಾಡ್ತಾರೆ ಕಣಮ್ಮ. ಬಾಯಿ ವಾರೆ ಆದೋರದ್ದು ನಗು ಯಾವುದು, ಅಳು ಯಾವುದು, ನಂಗೊತ್ತಾಗಲ್ಲ." ಆಯಾ ಒಳಗೊಮ್ಮೆ ನೋಡಿ ಹೇಳಿದಳು, "ಬಾಯಂತೂ ತೆರೀತಾರೆ."

ಅವಳು ಗೋಡೆಯಿಂದ ಕೈ ತೆಗೆದು ಹ್ಯಾಂಡಲ್ ಹಿಡಿದಳು.

"ಬಟ್ಟಲು ತಗೊಂಡು ಬಾ," ಎಂದಳು. "ಕಿಟಕಿ ಹತ್ರಾನೇ ಕೂರಿಸು. ನಾನು ದಿಬ್ಬದ ಮೇಲಿಂದ ಜಾರಿ ಬರ್ತೀನಿ. ಬಾಯಿ ತೆರೆದ ತಕ್ಷಣ ಒಂದೇ ಒಂದು ಚಮಚ. ನುಂಗೋವರೆಗೂ ಕಾಯಿ, ಅವಸರ ಮಾಡ್ಬೇಡ."

ದಿಬ್ಬ ಹತ್ತುವಾಗ ಉಸಿರು ಸಿಕ್ಕಲಿಲ್ಲ. ಮೇಲೆ ಹೋಗಿ, ತಿರುಗಿಸಿ, ಬೆಲ್ ಬಾರಿಸಿ ಜಾರಿದಳು. ಕಿಟಕಿಯ ಕೆಳಗೆ ಬ್ರೇಕು ಹಾಕಿ ತಲೆಯೆತ್ತಿದರೆ ಆಯಾ ಒಂದು ಬೆರಳು ತೋರಿಸಿದಳು. ಒಂದು ಚಮಚ ಹೋಗಿತ್ತು. ಅವಳು ನಿಲ್ಲದೆ ಮತ್ತೆ ಹತ್ತಿದಳು. ಎರಡು ಬೆರಳು. ಮತ್ತೆ ಹತ್ತಿದಳು. ಮೂರು.

ಐದನೆಯ ಸಲ ದಿಬ್ಬದ ಮಧ್ಯೆ ನಿಂತು ಸುಧಾರಿಸಿಕೊಂಡು ಹತ್ತಿದಳು. ಅಷ್ಟು ಹೊತ್ತು ಗೇಟಿನ ಬಳಿ ನಿಂತು ನೋಡುತ್ತಿದ್ದ ಕಾವಲುಗಾರ ಬೀಗ ತೆಗೆಯಲಿಲ್ಲ. ದಿಬ್ಬದ ಕೆಳಗಿನ ತಿರುವಿಗೆ ಹೋಗಿ ನಿಂತು, ಕೆಳಗಿನಿಂದ ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದ. ಅವಳು ಜಾರಿ ಬರುತ್ತಿದ್ದಳು. ಈಗಲೂ, ಈ ಸಂಕಟದಲ್ಲೂ, ಇಳಿಜಾರಿನ ನಡುಮಧ್ಯದಲ್ಲಿ ಅದೇ ಕಚಗುಳಿ ಬಂದೇ ಬಂತು. ಅವಳಿಗೆ ನಾಚಿಕೆಯಾಯಿತು. ತಡೆಯಲು ಮಾತ್ರ ಆಗಲಿಲ್ಲ.

ಎಂಟನೆಯ ಸಲ ಕೆಳಗೆ ಬಂದಾಗ ಸಂಜೆಯ ಬಿಸಿಲು ಗಾಜಿಗೆ ಬಡಿದು ಅವನ ಮುಖ ಕಾಣಲಿಲ್ಲ. ಸರಳು ಹಿಡಿದಿದ್ದ ಎಡಗೈ ಮಾತ್ರ ಕಂಡಿತು. ಪಕ್ಕದಲ್ಲಿ ಆಯಾ ಬಟ್ಟಲನ್ನು ಅವಳಿಗೆ ಕಾಣುವಂತೆ ವಾಲಿಸಿ ಹಿಡಿದಳು. ಗಂಜಿ ಅರ್ಧಕ್ಕಿಂತ ಇನ್ನೂ ಎರಡು ಬೆರಳು ಮೇಲಿತ್ತು.

ಅವಳು ಅಂಗೈಯಿಂದ ಮುಖದ ಬೆವರು ಒರೆಸಿಕೊಂಡಳು. ಮಸಿ ಕೆನ್ನೆಯ ಮೇಲೆ ಗೆರೆ ಎಳೆಯಿತು. ಕೆಳಗಿಳಿದು, ಸೈಕಲ್ಲನ್ನು ತಿರುಗಿಸಿ, ದಿಬ್ಬದ ಕಡೆಗೆ ತಳ್ಳತೊಡಗಿದಳು.