ಎರಡು ಬಾಯಿಯ ಪೆಟ್ಟಿಗೆ

ಚೌಡಪ್ಪನ ಕೈಕೆಲಸಕ್ಕೆ ಹೆಸರಿಡುವವರು ಭದ್ರಾವತಿಯಲ್ಲಿ ಯಾರೂ ಇರಲಿಲ್ಲ. ಅವನ ಬಾಯಿಗೆ ಹೆಸರಿಡುವವರು ಬೇಕಾದಷ್ಟು ಜನ ಇದ್ದರು. ಕಾರ್ಖಾನೆಯ ತಗಡಿನ ಶಾಪಿನಲ್ಲಿ ಫಿಟ್ಟರಾಗಿ ತಲೆ ನರೆಸಿಕೊಂಡು, ಸ್ವಯಂನಿವೃತ್ತಿ ಪಡೆದು ಮನೆ ಸೇರಿದ ಮೇಲೂ ಅವನಿಗೆ ಶಾಪು ಬಿಟ್ಟ ಹಾಗೆ ಆಗಿರಲಿಲ್ಲ. ಸಾರು ಸಪ್ಪೆಯಾದರೂ, "ಫಾಲ್ಟು ಎಲ್ಲಿದೆ ಅಂತ ಮೊದ್ಲು ಹುಡುಕ್ಬೇಕು ಕಣೇ. ಒಂದನ್ನ ತೆಗ್ದು ಇನ್ನೊಂದನ್ನ ಹಾಕಿ ನೋಡ್ಬೇಕು, ಗೊತ್ತಾಗುತ್ತೆ" ಎಂದು ಹೆಂಡತಿ ಈಶ್ವರಮ್ಮನಿಗೆ ಪಾಠ ಹೇಳುತ್ತಿದ್ದ. ಆಕೆ ಒಂದು ಚಿಟಿಕೆ ಉಪ್ಪು ಹಾಕಿ ಪಾಠ ಮುಗಿಸುತ್ತಿದ್ದಳು.

ಒಬ್ಬನೇ ಮಗ ಧರ್ಮೇಂದ್ರನ ಮೈಯಲ್ಲಿದ್ದ ಫಾಲ್ಟನ್ನು ಮಾತ್ರ ಯಾರಿಂದಲೂ ಸರಿಮಾಡಲು ಆಗಿರಲಿಲ್ಲ. ಮಾಂಸಖಂಡಗಳು ತಾವಾಗಿಯೇ ಸೊರಗಿ ಹೋಗುವ ಕಾಯಿಲೆ. ಚಿಕ್ಕವನಿದ್ದಾಗ ನ್ಯೂ ಟೌನಿನ ಮನೆಯಿಂದ ಸೇತುವೆ ದಾಟಿ ಓಲ್ಡ್ ಟೌನಿನಲ್ಲಿದ್ದ ಅಜ್ಜಿ ಹಾಲಮ್ಮನ ಮನೆಗೆ ಒಬ್ಬನೇ ಓಡುತ್ತಿದ್ದ ಹುಡುಗ ಸುಮ್ಮಸುಮ್ಮನೆ ಎಡವಿ ಬೀಳತೊಡಗಿದ. ಆಮೇಲೆ ಗೋಡೆ ಹಿಡಿದು ನಡೆದ, ಆಮೇಲೆ ಗಾಲಿಕುರ್ಚಿ ಹಿಡಿದ. ಈಗ ಇಪ್ಪತ್ತಮೂರು ವರ್ಷ. ಯಾರಾದರೂ ಅವನ ಕೈಯೆತ್ತಿ ಮೇಜಿನ ಮೇಲಿಟ್ಟರೆ ಬೆರಳುಗಳು ಆಡುತ್ತಿದ್ದವು, ಅಷ್ಟೇ. ಬೆರಳಾದ ಮೇಲೆ ಎದೆಯ ಸರದಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ಮೂವರಿಗೂ ಗೊತ್ತಿತ್ತು.

ಆ ಬೆರಳುಗಳಲ್ಲೇ ಧರ್ಮೇಂದ್ರ ಒಂದು ಊರು ಕಟ್ಟಿದ್ದ. ಶಿವಮೊಗ್ಗದ ಶಾಲೆಯೊಂದು ಗುಜರಿಗೆ ಹಾಕಿದ್ದ ಹಳೇ ಕಾಲದ ಕಂಪ್ಯೂಟರು ಅವನದು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ, ಪರದೆಗೆ ಒಂದು ಕಪ್ಪುಬಿಳುಪು ಟೀವಿ, ಬರೆದದ್ದನ್ನು ಉಳಿಸಿಡಲು ಅಂಗೈಗಿಂತ ಅಗಲವಾದ ಫ್ಲಾಪಿ. ಜನ ಹೊಸ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದ ಕಾಲದಲ್ಲಿ ಇವನು ಈ ಮುದಿಯಂತ್ರದಲ್ಲಿ ಭದ್ರಾವತಿಯನ್ನು ಚುಕ್ಕಿಚುಕ್ಕಿಯಾಗಿ ಬರೆದ. ನ್ಯೂ ಟೌನಿನ ಒಂದೊಂದು ಕ್ವಾರ್ಟರ್ಸು, ನೀರಿನ ಟ್ಯಾಂಕು, ಸೊಸೈಟಿ ಅಂಗಡಿ, ಹೊಳೆ, ಸೇತುವೆ, ಆಚೆ ಓಲ್ಡ್ ಟೌನಿನ ಗಲ್ಲಿಗಳು. ನಾಲ್ಕು ಕೀಲಿ ಒತ್ತಿದರೆ ಒಂದು ಬಿಳಿ ಚೌಕ ಬೀದಿಗಳಲ್ಲಿ ನಡೆಯುತ್ತಿತ್ತು. ಆ ಚೌಕವೇ ತಾನು ಎಂದು ಅವನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ತೊಂದರೆ ಇದ್ದದ್ದು ಸೇತುವೆಯಲ್ಲಿ. ಒಂದು ಫ್ಲಾಪಿಯಲ್ಲಿ ಎರಡು ಊರು ಹಿಡಿಯುತ್ತಿರಲಿಲ್ಲ. ಚೌಕ ಸೇತುವೆಯ ನಡುವಿಗೆ ಬಂದು ನಿಲ್ಲುತ್ತಿತ್ತು, ಇನ್ನೊಂದು ಫ್ಲಾಪಿ ಹಾಕಿ ಎಂದು ಪರದೆ ಕೇಳುತ್ತಿತ್ತು. ಧರ್ಮೇಂದ್ರ "ಅಮ್ಮಾ" ಎಂದು ಕೂಗುತ್ತಿದ್ದ. ಈಶ್ವರಮ್ಮ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಫ್ಲಾಪಿ ಬದಲಾಯಿಸುತ್ತಿದ್ದಳು.

"ನಿನ್ನ ಹೊಳೆ ದಾಟ್ಸೋಕೆ ದಿನಾ ನಾನೇ ಬರ್ಬೇಕೇನೋ ಮಾರಾಯ?" ಎಂದು ಆಕೆ ನಗುತ್ತಿದ್ದಳು. ಅವನೂ ನಗುತ್ತಿದ್ದ. ಆದರೆ ಒಂದು ದಿನ ಅಪ್ಪನೊಬ್ಬನೇ ಇದ್ದಾಗ ಹೇಳಿದ: "ಅಪ್ಪ, ಒಂದ್ಸಲ ಯಾರನ್ನೂ ಕರೀದೆ ಹೊಳೆ ದಾಟ್ಬೇಕು ನಾನು. ಬೆರಳು ಆಡ್ತಿರುವಾಗ್ಲೇ."

ಅದಕ್ಕೆ ಬೇಕಾದದ್ದು ಫ್ಲಾಪಿ ಓದುವ ಎರಡು ಡ್ರೈವು, ಎರಡನ್ನೂ ಹಿಡಿಯುವ ಒಂದು ಪೆಟ್ಟಿಗೆ, ಎರಡಕ್ಕೂ ಕರೆಂಟು ಕೊಡುವ ಸಪ್ಲೈ. ಹಲಗೆಯ ಮೇಲೆ ಬೆತ್ತಲೆ ಬಿದ್ದಿದ್ದ ಒಂದು ಡ್ರೈವು ಮನೆಯಲ್ಲಿತ್ತು. ಚೌಡಪ್ಪ ಮರುದಿನವೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದ. ಕೋಟೆಯ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಮಾಡುವ ಉಜ್ಜನಪ್ಪನೇ ಶಾಲೆಯ ಆ ಗುಜರಿಯನ್ನೆಲ್ಲ ಎತ್ತಿಕೊಂಡು ಬಂದಿದ್ದವನು. ಅಟ್ಟದಿಂದ ಇನ್ನೊಂದು ಡ್ರೈವು ಇಳಿಸಿ, ಸಪ್ಲೈಯನ್ನೂ ತಾನೇ ಬೆಸುಗೆ ಹಾಕಿಕೊಟ್ಟ.

"ಇದ್ರೊಳಗೆ ಹೆಡ್ ಅಂತ ಒಂದಿದೆ ನೋಡ್ರಿ. ಫ್ಲಾಪಿನ ಮುಟ್ಕೊಂಡೇ ಓದುತ್ತೆ ಅದು. ನಡುವೆ ಧೂಳು ಸೇರ್ತು ಅಂದ್ರೆ ಬರ್ದಿದ್ದನ್ನೆಲ್ಲ ಉಜ್ಜಿ ಹಾಕ್ಬಿಡುತ್ತೆ. ನಿಮ್ಮೂರು ಮೊದ್ಲೇ ಹೊಗೆ ಧೂಳಿನ ಊರು" ಎಂದ.

"ನಕಲು ಮಾಡಿಟ್ಕೊಳ್ಳೋಕೆ ಖಾಲಿ ಫ್ಲಾಪಿ ಬೇಕಂತೆ ಹುಡುಗಂಗೆ."

"ಈ ಅಗಲದ್ದು ಈಗ ಯಾರ್ ಇಟ್ಟಿರ್ತಾರೆ ಮಾರಾಯ್ರೇ? ನನ್ನ ಹತ್ರ ಇದ್ದಿದ್ದೆಲ್ಲ ಬೂಸ್ಲು ಹಿಡ್ದು ಹೋಗಿದೆ. ಹೇಳಿಟ್ಟಿದೀನಿ, ಬಂದ್ರೆ ಕಳಿಸ್ತೀನಿ."

ಧೂಳು ಎಂಬ ಮಾತನ್ನು ಚೌಡಪ್ಪ ತಲೆಯಲ್ಲಿಟ್ಟುಕೊಂಡ. ಹಿತ್ತಲಲ್ಲಿ ಕೂತು ಉಕ್ಕಿನ ತಗಡು ಕತ್ತರಿಸಿದ, ಬಗ್ಗಿಸಿದ, ಮೂಲೆಗಳನ್ನು ರಿವೆಟ್ ಹೊಡೆದು ಕೂಡಿಸಿದ. ಎದುರಿಗೆ ಎರಡು ಬಾಯಿ ಕೊರೆದು, ಡ್ರೈವುಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುವ ತನಕ ಅರ ಹಾಕಿದ. ಸುತ್ತ ಹಳೇ ಮಫ್ಲರಿನ ಉಣ್ಣೆ ಅಂಟಿಸಿದ. ಗಾಳಿಯಾಡಲು ಬಿಟ್ಟ ಹಿಂದಿನ ತೂತುಗಳಿಗೆ ಸಣ್ಣ ಜಾಲರಿ ಹಾಕಿ, ಇರುವೆಯೂ ಒಳಗೆ ಹೋಗದಂತೆ ಮಾಡಿದ. ಬಣ್ಣ ಹೊಡೆದ, ತೃಪ್ತಿಯಾಗದೆ ಕೆರೆದ, ಮತ್ತೆ ಹೊಡೆದ.

"ಮಗೂಗೆ ತೊಟ್ಲು ಮಾಡ್ದಾಗ್ಲೂ ಇಷ್ಟು ಉಜ್ಜಿರ್ಲಿಲ್ಲ ನೀವು" ಎಂದಳು ಈಶ್ವರಮ್ಮ.

ಬಣ್ಣ ಒಣಗುವ ಹೊತ್ತಿಗೆ ಧರ್ಮೇಂದ್ರನ ಬಲಗೈಯ ಕಿರುಬೆರಳು ನಿಂತುಹೋಗಿತ್ತು. ಅವನು ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ. ತಿಂಡಿ ತಿನ್ನಿಸುವಾಗ ಚೌಡಪ್ಪನಿಗೇ ಕಂಡಿತು.

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ಮೇಜು ಸೇರಿತು. ಎಡಬಾಯಿಗೆ ನ್ಯೂ ಟೌನಿನ ಫ್ಲಾಪಿ ಹಾಕಿ ಚೌಡಪ್ಪ ಅಗುಳಿ ಮುಚ್ಚಿದ. ಬಲಬಾಯಿ ಇನ್ನೂ ತೆರೆದಿತ್ತು.

"ಅದನ್ನೂ ಹಾಕ್ಬಿಡಪ್ಪ" ಎಂದ ಧರ್ಮೇಂದ್ರ.

"ಪೂಜೆ ಆಗ್ಲಿ, ತಡಿ. ನಮ್ ಶಾಪಲ್ಲಿ ಕುಂಕುಮ ಇಡ್ದೆ ಒಂದು ಡ್ರಿಲ್ಲಿಂಗ್ ಮಷೀನೂ ತಿರುಗ್ಸಿದವನಲ್ಲ ನಾನು. ಈಶ್ವರೀ, ಬಾ ಇಲ್ಲಿ. ಬಾಯಿ ಮೇಲೇ ಇಡು. ಮಷೀನಿಗೆ ಅದೇ ಹಣೆ."

"ಅಪ್ಪ, ಧೂಳು ಬೀಳ್ಬಾರ್ದು ಅಂದಿದ್ರಂತಲ್ಲ ಉಜ್ಜನಪ್ಪ..."

"ಕುಂಕುಮನ ಧೂಳು ಅಂತೀಯೇನೋ?" ಚೌಡಪ್ಪ ಗದರಿದ.

ಈಶ್ವರಮ್ಮ ಸಡಗರದಲ್ಲಿದ್ದಳು. ಎರಡೂ ಬಾಯಿಯ ಮೇಲೆ ಅರಿಸಿನದ ಬೊಟ್ಟು, ಅದರ ಮೇಲೆ ದಂಡಿಯಾಗಿ ಕುಂಕುಮ. ಒಂದಿಷ್ಟು ಪುಡಿ ಕೆಳಗೆ ಉದುರಿತು. ತಾನು ಹೊಡೆದ ಬಣ್ಣದ ಮೇಲೆ ಬಿದ್ದಷ್ಟನ್ನು ಚೌಡಪ್ಪ ಟವೆಲಿನಿಂದ ನಾಜೂಕಾಗಿ ಒರೆಸಿದ. ಒಳಗೆ ಬಿದ್ದದ್ದನ್ನು ನೋಡುವ ಯೋಚನೆಯೇ ಅವನಿಗೆ ಬರಲಿಲ್ಲ. ಓಲ್ಡ್ ಟೌನಿನ ಫ್ಲಾಪಿಯನ್ನು ತಳ್ಳಿ ಅಗುಳಿ ಹಾಕಿದ.

"ನಾನು ಪಾಯ್ಸಕ್ಕೆ ಇಡ್ತೀನಿ. ನೀನು ದಾಟು. ಇವತ್ತು ಕೂಗಿದ್ರೂ ಬರಲ್ಲ ನಾನು" ಎಂದು ಈಶ್ವರಮ್ಮ ಒಳಗೆ ಹೋದಳು.

ಎಡದ ದೀಪ ಹತ್ತಿತು. ಟೀವಿಯಲ್ಲಿ ನ್ಯೂ ಟೌನು ಮೂಡಿತು. ಚೌಕ ಮನೆಯಿಂದ ಹೊರಬಿತ್ತು, ಟ್ಯಾಂಕು ದಾಟಿತು, ಸೊಸೈಟಿ ಅಂಗಡಿಯ ಮುಂದೆ ತಿರುಗಿತು. ಧರ್ಮೇಂದ್ರ ಉಸಿರು ಬಿಗಿಹಿಡಿದು ಒತ್ತುತ್ತಿದ್ದ. ಹೊಳೆ ಬಂತು, ಸೇತುವೆ ಬಂತು, ಚೌಕ ನಡುವಿಗೆ ಹೋಗಿ ನಿಂತಿತು. ಪರದೆ ಏನನ್ನೂ ಕೇಳಲಿಲ್ಲ. ಬಲದ ದೀಪ ತಾನೇ ಹತ್ತಿತು. "ಕೇಳ್ಲಿಲ್ಲ ನೋಡಪ್ಪ, ಕೇಳ್ಲೇ ಇಲ್ಲ!" ಎಂದ ಧರ್ಮೇಂದ್ರ. ಆ ದನಿಯನ್ನು ಚೌಡಪ್ಪ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಆಗ ಪೆಟ್ಟಿಗೆಯೊಳಗಿಂದ ಕರ್ರ್ ಎಂದು ಸದ್ದು ಬಂತು. ಮತ್ತೆ ಕರ್ರ್. ಓದಲು ಆಗುತ್ತಿಲ್ಲ ಎಂದು ಪರದೆ ಬರೆಯಿತು.

ಚೌಡಪ್ಪನೊಳಗಿನ ಫಿಟ್ಟರು ಎದ್ದು ನಿಂತ. "ತಡಿ, ಫಾಲ್ಟು ಫ್ಲಾಪಿದೋ ಡ್ರೈವಿಂದೋ ನೋಡ್ತೀನಿ" ಎನ್ನುತ್ತ ಎರಡನ್ನೂ ಹೊರಗೆಳೆದ. ಓಲ್ಡ್ ಟೌನನ್ನು ಎಡಕ್ಕೆ ಹಾಕಿದ. ಓದಲಿಲ್ಲ. ನ್ಯೂ ಟೌನನ್ನು ಬಲಕ್ಕೆ ಹಿಡಿದ.

"ಅಪ್ಪ, ಬೇಡ. ಅದನ್ನ ಅದಕ್ಕೆ ಹಾಕ್ಬೇಡ. ಅಪ್ಪ!"

ತಡೆಯಲು ಧರ್ಮೇಂದ್ರನ ಕೈ ಏಳಬೇಕಿತ್ತು. ಏಳಲಿಲ್ಲ. ಶಾಪಿನ ಗದ್ದಲದಲ್ಲಿ ಜೀವಮಾನ ಕಳೆದ ಚೌಡಪ್ಪನಿಗೆ ಕೆಲಸಕ್ಕೆ ಬಗ್ಗಿದಾಗ ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಅವನು ತಳ್ಳಿದ, ಅಗುಳಿ ಹಾಕಿದ. ಕರ್ರ್ ಎಂದಿತು. "ಹಂಗಾದ್ರೆ ಡ್ರೈವಿಂದೇ" ಎಂದು ಗೆದ್ದವನಂತೆ ಹೇಳಿ ನ್ಯೂ ಟೌನನ್ನು ತೆಗೆದು ಮತ್ತೆ ಎಡಕ್ಕೆ ಹಾಕಿದ. ಈಗಷ್ಟೇ ಬಂದಿದ್ದ ಊರು ಈ ಸಲ ಬರಲಿಲ್ಲ. ಮತ್ತೊಮ್ಮೆ ಹಾಕಿದ. ಬರಲಿಲ್ಲ.

ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಾಗ ಕಂಡಿತು. ಬಲ ಡ್ರೈವಿನ ಹೆಡ್ಡಿನ ಮೇಲೆ ಕೆಂಪು ಮೆತ್ತಿತ್ತು. ಫ್ಲಾಪಿಗಳನ್ನು ಬೆಳಕಿಗೆ ಹಿಡಿದ. ಹೊದಿಕೆಯ ಕಿಟಕಿಯಲ್ಲಿ ಕಾಣುವ ಕಂದು ಬಿಲ್ಲೆಯ ಮೇಲೆ ಉಗುರಿನಿಂದ ಗೀರಿದಂತೆ ಬಿಳಿಚಿದ ಉಂಗುರಗಳು ಎದ್ದಿದ್ದವು. ಎರಡರಲ್ಲೂ ಇದ್ದವು. ಚೌಡಪ್ಪ ಮಂಚದ ಅಂಚಿನಲ್ಲಿ ಕೂತ.

ಧರ್ಮೇಂದ್ರನೂ ಅದನ್ನು ನೋಡಿದ್ದ. ದನಿ ತಗ್ಗಿಸಿ, "ಅಮ್ಮಂಗೆ ಹೇಳ್ಬೇಡ" ಎಂದ.

"ಇಡ್ಸಿದ್ದು ನಾನಲ್ವೇನೋ. ಹಾಳು ನನ್ ಬಾಯಿ..."

"ಇಟ್ಟಿದ್ದು ಅಮ್ಮನ ಕೈ ಅಪ್ಪ. ಗೊತ್ತಾದ್ರೆ ತಡ್ಕೊಳಲ್ಲ. ಹೇಳ್ಬೇಡ."

"ಮತ್ತೆ ಕಟ್ಟೋಣ ಕಣೋ" ಚೌಡಪ್ಪ ಕುರ್ಚಿಯ ಹತ್ತಿರ ಬಂದು ಮಗನ ಕೈ ಹಿಡಿದುಕೊಂಡ. "ನೀನು ಹೇಳು, ನಾನು ಒತ್ತುತ್ತೀನಿ. ಒಂದೊಂದೇ ಚುಕ್ಕಿ ಇಡ್ತೀನಿ. ನಂಗೇನ್ ಕೆಲ್ಸ ಬೇರೆ?"

"ಏಳು ವರ್ಷ ಹಿಡೀತಪ್ಪ ಅದಕ್ಕೆ. ಅಷ್ಟು ಎಲ್ಲಿದೆ ನನ್ನತ್ರ?"

ಸಿಟ್ಟಿನಿಂದ ಹೇಳಿದ್ದರೆ ಚೌಡಪ್ಪ ಬದುಕಿಕೊಳ್ಳುತ್ತಿದ್ದ. ಮಗ ಬಸ್ಸು ಹೋಯಿತು ಎಂದು ಹೇಳುವಷ್ಟು ಸಾದಾ ಆಗಿ ಹೇಳಿದ. "ಟೀವಿ ಆರ್ಸು. ಮುಚ್ಚಳ ಹಾಕ್ಬಿಡು, ಅಮ್ಮ ಬರ್ತಾಳೆ" ಎಂದ. ಚೌಡಪ್ಪ ಸ್ಕ್ರೂಗಳನ್ನು ತಿರುಗಿಸಿದ. ಎಂದೂ ದಾರಿ ತಪ್ಪದ ಅವನ ಸ್ಕ್ರೂಡ್ರೈವರು ಜಾರಿ ಬಣ್ಣದ ಮೇಲೆ ಗೀರು ಬಿತ್ತು.

ಈಶ್ವರಮ್ಮ ಬಟ್ಟಲು ಹಿಡಿದು ಬಂದಳು. "ದಾಟಿದ್ಯೇನೋ?"

"ದಾಟ್ದೆ ಅಮ್ಮ."

"ಅಜ್ಜಿ ಮನೆ ತಂಕ?"

"ಬಾಗ್ಲು ತಂಕ."

"ಒಬ್ನೇ?"

"ಒಬ್ನೇ."

ಆಕೆಯ ಕಣ್ಣು ತುಂಬಿಬಂತು. ಟೀವಿಯ ಕಡೆ ತಿರುಗಿ, "ಆರ್ಸ್ಬಿಟ್ರಾ? ನಂಗೂ ತೋರ್ಸ್ಬಾರ್ದಿತ್ತಾ?" ಎಂದಳು.

"ಬೆರಳು ಸೋತಿದೆ. ಇನ್ನೊಂದ್ಸಲ ತೋರಿಸ್ತೀನಿ."

ಆಕೆ ಊದಿ ಊದಿ ತಣ್ಣಗೆ ಮಾಡಿ ಪಾಯಸ ತಿನ್ನಿಸಿದಳು, ತುಟಿ ಒರೆಸಿದಳು. "ನೋಡ್ರೀ, ನಿಮ್ ಕೈಗುಣ" ಎಂದು ಗಂಡನತ್ತ ತಿರುಗಿದಳು. "ಊರಿಗೆಲ್ಲ ಕೇಳೋ ಹಂಗೆ ಮಾತಾಡ್ತೀರಿ, ಇವತ್ತೇನಾಯ್ತು ನಿಮ್ಗೆ?" ಚೌಡಪ್ಪ ಬಾಯಿ ತೆರೆದ. ಮಗ ಅವನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡ.

"ಅಂತೂ ಇನ್ಮೇಲೆ ನನ್ ಕೆಲ್ಸ ತಪ್ತು" ಎಂದಳು ಈಶ್ವರಮ್ಮ, ಬಟ್ಟಲು ಕೆರೆಯುತ್ತ.

"ಹೂಂ ಅಮ್ಮ" ಎಂದ ಧರ್ಮೇಂದ್ರ. "ಇನ್ಮೇಲೆ ಕರೆಯಲ್ಲ."

ಆಕೆ ನಕ್ಕು, ಅವನ ಬಾಯಿಗೆ ಕೊನೆಯ ಚಮಚ ಇಟ್ಟಳು.